ಅನಗತ್ಯ ಹೊದಿಕೆ ಯಾವುದೆಂದು ಲಿಂಟ್ ನಿಯಮ ಹೇಳಬಲ್ಲದೇ?

ಪ್ರಶ್ನೆ: ಜೆ.ಪಿ. ನಗರದ ಓದುಗರೊಬ್ಬರು ಬರೆದಿದ್ದಾರೆ: "ಹೊರವರ್ತುಲ ರಸ್ತೆಯ ಸಣ್ಣ ಕಂಪನಿಯೊಂದರಲ್ಲಿ ನಾನು ಫ್ರಂಟ್‌ಎಂಡ್ ಎಂಜಿನಿಯರ್. ಕೃಷಿ ಮಾರುಕಟ್ಟೆಗಳ ದಿನದ ಧಾರಣೆಯನ್ನು ಕನ್ನಡ ಮತ್ತು ಇಂಗ್ಲಿಷ್‌ನಲ್ಲಿ ತೋರಿಸುವ ನಮ್ಮ ವೆಬ್ ಆ್ಯಪ್ ರಿಯಾಕ್ಟ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯಲ್ಲಿದೆ. ವರ್ಷಗಳಿಂದ ಬೆಳೆದ ಕೋಡಿನಲ್ಲಿ ಬಾಕ್ಸ್‌ನೊಳಗೆ ಸ್ಟ್ಯಾಕ್, ಅದರೊಳಗೆ ಮತ್ತೊಂದು ಬಾಕ್ಸ್ ಎಂಬಂತೆ, ಬೇರೆ ಭಾಗಗಳನ್ನು ಸುತ್ತಿ ಜೋಡಿಸಲಷ್ಟೇ ಇರುವ ಹೊದಿಕೆಗಳು ಸೇರಿಕೊಂಡಿವೆ. ಧಾರಣೆ ಪಟ್ಟಿಯ ಪುಟ ಅಗ್ಗದ ಫೋನ್‌ಗಳಲ್ಲಿ ತಡವರಿಸುತ್ತದೆ. ಒಂದೇ ಚೈಲ್ಡ್ (ಒಳಗಿನ ಭಾಗ) ಇರುವ ಯಾವುದೇ ಬಾಕ್ಸ್ ಅಥವಾ ಸ್ಟ್ಯಾಕ್ ತಪ್ಪು ಎನ್ನುವ ನಿಯಮವನ್ನು, ಕೋಡನ್ನು ಓದಿ ತಪ್ಪು ತೋರಿಸುವ ಇಎಸ್‌ಲಿಂಟ್ ಸಾಧನಕ್ಕಾಗಿ ನಮ್ಮ ಟೆಕ್ ಲೀಡ್ ಬರೆದು, ಸ್ವಯಂ ತಿದ್ದುಪಡಿಯೊಂದಿಗೆ ಒಂದು ಬ್ರಾಂಚ್‌ನಲ್ಲಿ (ಕೋಡಿನ ಪ್ರತ್ಯೇಕ ಪ್ರತಿಯಲ್ಲಿ) ಇಡೀ ಕೋಡಿನ ಮೇಲೆ ಓಡಿಸಿದರು. ನೂರಾರು ಹೊದಿಕೆಗಳು ಹೋದವು, ಟೆಸ್ಟ್‌ಗಳೆಲ್ಲ ಪಾಸಾದವು. ಆದರೆ ಕನ್ನಡದಲ್ಲಿ ತೆರೆದಾಗ ಮಾರುಕಟ್ಟೆಯ ಹೆಸರು ಪಕ್ಕದ ಅಂಕಣದ ಮೇಲೆ ಹರಿಯಿತು, ಮೇಲ್ಭಾಗದ ಮೆನು ಎಲ್ಲೋ ತೆರೆದುಕೊಂಡಿತು, ವೇಗವೂ ಅಷ್ಟೇನೂ ಹೆಚ್ಚಲಿಲ್ಲ. ಈ ನಿಯಮವನ್ನು ಉಳಿಸಿಕೊಳ್ಳಬೇಕೇ, ಬಿಡಬೇಕೇ? ಆ ಬ್ರಾಂಚನ್ನು ಏನು ಮಾಡಬೇಕು?"

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಹೊದಿಕೆಗಳನ್ನು ತೆಗೆದರೆ ಪುಟ ವೇಗವಾಗುತ್ತದೆಯೇ ಎಂಬುದು ಒಂದು, ಯಾವ ಹೊದಿಕೆ ಅನಗತ್ಯವೆಂದು ಕೋಡನ್ನು ಓದುವ ಸಾಧನವೊಂದು ತೀರ್ಮಾನಿಸಬಹುದೇ ಎಂಬುದು ಇನ್ನೊಂದು. ನಿಮ್ಮ ತಂಡ ಮೊದಲನೆಯದಕ್ಕೆ ಉತ್ತರ ಹುಡುಕಲು ಹೊರಟು ಎರಡನೆಯದರಲ್ಲಿ ಸಿಕ್ಕಿಕೊಂಡಿದೆ.

ವೇಗದ ವಿಷಯವನ್ನು ಮೊದಲು ಮುಗಿಸೋಣ. ಪ್ರತಿಯೊಂದು ಹೆಚ್ಚುವರಿ ಡಿವ್ (ಎಚ್‌ಟಿಎಂಎಲ್‌ನ ಸಾದಾ ಪೆಟ್ಟಿಗೆ) ಕೂಡ ಪುಟವನ್ನು ನಿಧಾನಗೊಳಿಸುತ್ತದೆ ಎಂಬ ಮಾತು ಸುಳ್ಳಲ್ಲ, ಆದರೆ ಆ ರೂಪದಲ್ಲಿ ಉಪಯೋಗಕ್ಕೆ ಬಾರದು. ಲಾಗಿನ್ ಪುಟದಲ್ಲಿ ಹತ್ತು ಹೊದಿಕೆ ಹೆಚ್ಚಿದ್ದರೆ ಯಾವ ಫೋನಿಗೂ ಅದು ತಿಳಿಯುವುದಿಲ್ಲ. ವೆಬ್ ಪುಟಗಳನ್ನು ಅಳೆಯುವ ಗೂಗಲ್‌ನ ಲೈಟ್‌ಹೌಸ್ ಸಾಧನವು ಪುಟದ ಬಾಡಿಯೊಳಗಿನ ನೋಡ್‌ಗಳು, ಅಂದರೆ ಎಲಿಮೆಂಟ್‌ಗಳು, ಸುಮಾರು 800 ದಾಟಿದರೆ ಎಚ್ಚರಿಕೆಯನ್ನೂ 1,400 ದಾಟಿದರೆ ದೋಷವನ್ನೂ ತೋರಿಸುವ ಮಿತಿಯನ್ನು ವರ್ಷಗಳ ಕಾಲ ಬಳಸಿತು. ಅದನ್ನು ಅಳತೆಗೋಲಾಗಿ ಇಟ್ಟುಕೊಂಡರೆ ಹೊದಿಕೆ ಎಲ್ಲಿ ಭಾರವಾಗುತ್ತದೆ ಎಂಬುದು ಸ್ಪಷ್ಟವಾಗುತ್ತದೆ. ನಿಮ್ಮ ಧಾರಣೆ ಪಟ್ಟಿಯಲ್ಲಿ 200 ಸಾಲು, ಸಾಲಿಗೆ 7 ಅಂಕಣ ಇವೆ ಎಂದುಕೊಳ್ಳಿ. ಒಂದೊಂದು ಕೋಶದಲ್ಲಿ ಎರಡು ಹೊದಿಕೆ ಹೆಚ್ಚಿದ್ದರೆ ಅಷ್ಟರಿಂದಲೇ 2,800 ನೋಡ್‌ಗಳು ಬಂದವು. ಬೇರೆ ಪುಟಗಳಲ್ಲಿ ನೂರಾರು ಕಡೆ ತೆಗೆದರೂ ಆ ಒಂದು ಕೋಶದ ಕಾಂಪೊನೆಂಟ್ ಮುಟ್ಟದಿದ್ದರೆ ಫೋನಿನ ತಡವರಿಕೆ ಹಾಗೆಯೇ ಇರುತ್ತದೆ. ಅದನ್ನು ಮುಟ್ಟಿದ ಮೇಲೂ, ಕಣ್ಣಿಗೆ ಕಾಣುವ ಸಾಲುಗಳನ್ನು ಮಾತ್ರ ರೆಂಡರ್ ಮಾಡುವ (ಪರದೆಗೆ ರಚಿಸುವ) ವ್ಯವಸ್ಥೆ ಇಲ್ಲದಿದ್ದರೆ ಲಾಭ ಅರ್ಧಂಬರ್ಧವೇ. ಲಿಂಟ್ ನಿಯಮವನ್ನು ವೇಗದ ಮದ್ದು ಎಂದು ಮ್ಯಾನೇಜರ್‌ಗೆ ಒಪ್ಪಿಸಿದ್ದರೆ ಆ ಮಾತನ್ನು ಈಗಲೇ ಹಿಂದಕ್ಕೆ ತೆಗೆದುಕೊಳ್ಳುವುದು ಒಳ್ಳೆಯದು. ಕೋಡನ್ನು ಓದಲು ಹಗುರ ಮಾಡುವುದು, ಹೊಸ ಹೊದಿಕೆಗಳು ಕಾರಣವಿಲ್ಲದೆ ಸೇರದಂತೆ ತಡೆಯುವುದು ಇವೇ ಅದರ ನಿಜವಾದ ಪ್ರಯೋಜನ. ನನ್ನ ಮಟ್ಟಿಗೆ ಅಷ್ಟು ಕಾರಣ ಸಾಕು.

ಇನ್ನು "ಅನಗತ್ಯ" ಎಂಬುದರಲ್ಲೇ ಎರಡು ಬಗೆಗಳಿವೆ, ನಿಮ್ಮ ಟೆಕ್ ಲೀಡ್ ಬರೆದ ನಿಯಮ ಇವೆರಡನ್ನೂ ಒಂದೇ ಎಂದು ಭಾವಿಸಿದೆ. ಒಂದು, ಬ್ರೌಸರ್‌ನಲ್ಲಿ ಆ ಎಲಿಮೆಂಟೇ ಬೇಕಿಲ್ಲದಿರುವುದು. ಇನ್ನೊಂದು, ಎಲಿಮೆಂಟ್ ಬೇಕು, ಆದರೆ ಅದನ್ನು ಕೊಡಲು ಲೇಔಟ್ ಕಾಂಪೊನೆಂಟ್ ಬೇಕಿಲ್ಲ, ಬರೀ ಡಿವ್ ಸಾಕು. ಎರಡನೆಯದು ಕಡಿಮೆ ಚರ್ಚೆಗೆ ಬರುತ್ತದೆ, ಆದರೆ ಕೋಡನ್ನು ರನ್ ಮಾಡುವಾಗಲೇ ಸ್ಟೈಲ್ ರಚಿಸುವ ಲೈಬ್ರರಿಗಳಲ್ಲಿ ಅದರ ಖರ್ಚು ನಿಜವಾದದ್ದು. ಒಂದೂ ಸ್ಟೈಲ್ ಪ್ರಾಪ್ (ಕಾಂಪೊನೆಂಟ್‌ಗೆ ಕೊಡುವ ಗುಣ) ಇಲ್ಲದ ಬಾಕ್ಸ್ ಕೂಡ ಪ್ರತಿ ರೆಂಡರ್‌ನಲ್ಲಿ ತನ್ನ ಪ್ರಾಪ್‌ಗಳನ್ನು ಜಾಲಾಡಿ, ಕ್ಲಾಸ್ ಹೆಸರು ಕಟ್ಟಿ, ಕೊನೆಗೆ ಒಂದು ಸಾದಾ ಡಿವ್ ಅನ್ನೇ ಕೊಡುತ್ತದೆ. ಗಿಟ್‌ಹಬ್‌ನವರ ಪ್ರೈಮರ್ ಎಂಬ ಡಿಸೈನ್ ಸಿಸ್ಟಮ್‌ಗೆ (ಸಿದ್ಧ ಕಾಂಪೊನೆಂಟ್‌ಗಳ ಸಂಗ್ರಹಕ್ಕೆ) ಇರುವ ಇಎಸ್‌ಲಿಂಟ್ ಪ್ಲಗಿನ್‌ನಲ್ಲಿ ಇದೇ ಉದ್ದೇಶದ ನಿಯಮವೊಂದಿದೆ. ಸ್ಟೈಲ್‌ಗೆ ಸಂಬಂಧಿಸಿದ ಪ್ರಾಪ್‌ಗಳಿಲ್ಲದೆ ಬಾಕ್ಸ್ ಅಥವಾ ಟೆಕ್ಸ್ಟ್ ಬಳಸಿದರೆ ಅದು ಸಾದಾ ಎಚ್‌ಟಿಎಂಎಲ್ ಎಲಿಮೆಂಟ್ ಬಳಸುವಂತೆ ಹೇಳುತ್ತದೆ. ಆ ನಿಯಮ ಏನು ಮಾಡುವುದಿಲ್ಲ ಎಂಬುದನ್ನೂ ಗಮನಿಸಿ: ಎಲಿಮೆಂಟನ್ನು ಕಿತ್ತುಹಾಕುವ ಗೋಜಿಗೇ ಅದು ಹೋಗುವುದಿಲ್ಲ.

ಹೊದಿಕೆಗಳು ಸೇರಿದ್ದು ಯಾರದೋ ಅಶ್ರದ್ಧೆಯಿಂದ ಎಂದು ತಿಳಿಯುವುದು ಅನ್ಯಾಯ. 2017ರಲ್ಲಿ ರಿಯಾಕ್ಟ್ 16 ಬರುವವರೆಗೆ ಒಂದು ಕಾಂಪೊನೆಂಟ್ ಒಂದೇ ಮೂಲ ಎಲಿಮೆಂಟನ್ನು ಕೊಡಬೇಕಿತ್ತು, ಹಾಗಾಗಿ ಡಿವ್‌ನಲ್ಲಿ ಸುತ್ತುವುದು ಅಭ್ಯಾಸವಾಗಿ ಕೈಗೆ ಅಂಟಿತು. ಸಿಎಸ್‌ಎಸ್‌ನ ಜೋಡಣಾ ವಿಧಾನವಾದ ಫ್ಲೆಕ್ಸ್‌ಬಾಕ್ಸ್‌ನಲ್ಲಿ ಅಂತರ ಕೊಡುವ ಗ್ಯಾಪ್ ಗುಣ ಸಫಾರಿಗೆ ಬಂದದ್ದು 2021ರಲ್ಲಿ. ಅದಕ್ಕೂ ಮೊದಲು ಅಂತರ ಕೊಡಲು ಪ್ರತಿ ಚೈಲ್ಡ್‌ಗೂ ಮಾರ್ಜಿನ್ ಹೊತ್ತ ಹೊದಿಕೆ ಹಾಕುವುದೇ ಸುರಕ್ಷಿತ ದಾರಿಯಾಗಿತ್ತು. ವಿನ್ಯಾಸ ಸಾಧನ ಫಿಗ್ಮಾದ ಆಟೋ ಲೇಔಟ್‌ನಲ್ಲಿ ಡಿಸೈನರ್ ಇಟ್ಟ ಪ್ರತಿ ಫ್ರೇಮ್‌ಗೂ ಒಂದು ಸ್ಟ್ಯಾಕ್ ಬರೆಯುವುದು ಇಂದಿನ ಅಭ್ಯಾಸ, ಕೋಡ್ ಬರೆಯುವ ಎಐ ಸಹಾಯಕಗಳಂತೂ ಇದರಲ್ಲಿ ಧಾರಾಳಿಗಳು. ಇವೆಲ್ಲಕ್ಕಿಂತ ದೊಡ್ಡ ಕಾರಣ ಕೋಡ್ ರಿವ್ಯೂನಲ್ಲೇ ಇದೆ. ಹೊದಿಕೆ ಸೇರಿಸಿದವರನ್ನು ಯಾರೂ ಕಾರಣ ಕೇಳುವುದಿಲ್ಲ, ತೆಗೆದವರನ್ನು ಮಾತ್ರ ಕೇಳುತ್ತಾರೆ. ಹಾಗಾಗಿ ಒಳಗೆ ಮೂರು ಚೈಲ್ಡ್ ಇದ್ದ ಸ್ಟ್ಯಾಕ್‌ನಿಂದ ಎರಡು ಹೋದ ಮೇಲೂ ಸ್ಟ್ಯಾಕ್ ಮಾತ್ರ ಉಳಿದುಬಿಡುತ್ತದೆ.

ಈಗ ನಿಮ್ಮಲ್ಲಿ ಕೆಟ್ಟ ಎರಡು ಪರದೆಗಳನ್ನು ಹತ್ತಿರದಿಂದ ನೋಡೋಣ. ನೀವು ಕೋಡ್ ಕಳಿಸಿಲ್ಲವಾದರೂ ವಿವರಣೆಯಿಂದ ಕಾರಣವನ್ನು ಬಹುಮಟ್ಟಿಗೆ ಊಹಿಸಬಹುದು.

ಮೊದಲನೆಯದು, ಮಾರುಕಟ್ಟೆಯ ಹೆಸರು. ಸಾಲು ಒಂದು ಫ್ಲೆಕ್ಸ್ ಕಂಟೇನರ್. ಅದರೊಳಗೆ ಕನಿಷ್ಠ ಅಗಲ ಸೊನ್ನೆ ಎಂದು ಬರೆದ ಒಂದು ಬಾಕ್ಸ್, ಅದರೊಳಗೆ ಹೆಸರು ಮತ್ತು ತಾಲ್ಲೂಕು ಹೊತ್ತ ಸ್ಟ್ಯಾಕ್, ಹೆಸರಿನ ಟೆಕ್ಸ್ಟ್‌ಗೆ ಒಂದೇ ಸಾಲಿನಲ್ಲಿ ಮೊಟಕುಗೊಳಿಸಿ ಕೊನೆಗೆ ಮೂರು ಚುಕ್ಕಿ ತೋರಿಸುವ ಸ್ಟೈಲ್ ಇದ್ದಿರಬೇಕು. ಬಾಕ್ಸ್‌ನೊಳಗೆ ಇರುವುದು ಒಂದೇ ಚೈಲ್ಡ್ ಆದ್ದರಿಂದ ನಿಯಮ ಅದನ್ನು ಕಿತ್ತಿತು. ಆಗ ಸ್ಟ್ಯಾಕ್ ತಾನೇ ಫ್ಲೆಕ್ಸ್ ಐಟಂ ಆಯಿತು. ಫ್ಲೆಕ್ಸ್ ಐಟಂಗಳ ಕನಿಷ್ಠ ಅಗಲ ಪೂರ್ವನಿಯೋಜಿತವಾಗಿ "ಆಟೋ" ಆಗಿರುವುದರಿಂದ, ಒಳಗಿನ ಮುರಿಯಲಾಗದ ಸಾಲಿನ ಪೂರ್ಣ ಉದ್ದಕ್ಕಿಂತ ಅದು ಕುಗ್ಗಲು ಒಪ್ಪುವುದಿಲ್ಲ. ಟೆಕ್ಸ್ಟ್‌ನ ಮೇಲೆ ಮೊಟಕುಗೊಳಿಸುವ ಸ್ಟೈಲ್ ಇದ್ದರೂ ಅದಕ್ಕೆ ಮೊಟಕಾಗುವ ಅವಕಾಶವೇ ಸಿಗುವುದಿಲ್ಲ. "ಯಶವಂತಪುರ" ಎಂಬಷ್ಟೇ ಹೆಸರಿದ್ದ ಟೆಸ್ಟ್ ಡೇಟಾದಲ್ಲಿ ಇದು ಕಾಣುವುದಿಲ್ಲ. "ಯಶವಂತಪುರ ಕೃಷಿ ಉತ್ಪನ್ನ ಮಾರುಕಟ್ಟೆ ಪ್ರಾಂಗಣ" ಎಂದು ಪೂರ್ತಿ ಬಂದಾಗ ಅಕ್ಷರಗಳು ಪಕ್ಕದ ಅಂಕಣಕ್ಕೆ ನುಗ್ಗುತ್ತವೆ. ಬೆಂಗಳೂರಿನಲ್ಲಿ ತಯಾರಾಗುವ ಎಷ್ಟೋ ದ್ವಿಭಾಷಾ ಆ್ಯಪ್‌ಗಳನ್ನು ಇಂಗ್ಲಿಷ್ ಪದಗಳಲ್ಲಿ ಮಾತ್ರ ಪರೀಕ್ಷಿಸುವ ರೂಢಿಯಿರುವುದರಿಂದ ಈ ಬಗೆಯ ಹೊದಿಕೆ ಅಲ್ಲಿ ಅನಗತ್ಯವಾಗಿಯೇ ತೋರುತ್ತದೆ.

ಎರಡನೆಯದು, ಮೆನು. ಅಲ್ಲಿದ್ದ ಬಾಕ್ಸ್‌ಗೆ ರಿಲೇಟಿವ್ ಪೊಸಿಷನ್ ಕೊಟ್ಟಿದ್ದು, ಒಳಗೆ ಮೆನು ಎಂಬ ಒಂದೇ ಕಾಂಪೊನೆಂಟ್ ಇದ್ದಿರಬೇಕು. ಆ ಕಾಂಪೊನೆಂಟ್ ಬೇರೆ ಫೈಲಿನಲ್ಲಿ ಒಂದು ಫ್ರಾಗ್ಮೆಂಟ್ (ಬ್ರೌಸರ್‌ನಲ್ಲಿ ತಾನು ಎಲಿಮೆಂಟ್ ಆಗದ ಗುಂಪು) ಕೊಡುತ್ತದೆ, ಅದರಲ್ಲಿ ಗುಂಡಿಯೂ ಇದೆ, ಅದರ ಕೆಳಗೆ ಆ್ಯಬ್ಸೊಲ್ಯೂಟ್ ಆಗಿ ತೂಗುವ ಪಟ್ಟಿಯೂ ಇದೆ. ಲಿಂಟ್‌ನ ಕಣ್ಣಿಗೆ ಕಂಡದ್ದು ಒಂದು ಚೈಲ್ಡ್, ಬ್ರೌಸರ್‌ಗೆ ಸಿಕ್ಕಿದ್ದು ಎರಡು. ಹೊದಿಕೆ ಹೋದದ್ದೇ ತಡ, ಪಟ್ಟಿ ತನ್ನ ಸ್ಥಾನವನ್ನು ಲೆಕ್ಕ ಹಾಕಲು ಮೇಲಿನ ಮತ್ತಾವುದೋ ಎಲಿಮೆಂಟನ್ನು ಹಿಡಿದುಕೊಂಡಿತು.

ಇನ್ನೂ ನಿಮ್ಮ ಕಣ್ಣಿಗೆ ಬೀಳದ ಮೂರನೆಯದೊಂದು ಆ ಬ್ರಾಂಚ್‌ನಲ್ಲಿ ಇರಬಹುದು, ದಯವಿಟ್ಟು ಹುಡುಕಿ. ರಿಯಾಕ್ಟ್ ಒಂದು ಕಾಂಪೊನೆಂಟ್‌ನ ಸ್ಟೇಟ್ ಅನ್ನು (ಅದು ನೆನಪಿಟ್ಟ ಮಾಹಿತಿಯನ್ನು) ಎಲಿಮೆಂಟ್‌ಗಳ ಮರದಲ್ಲಿ ಅದು ಕೂತಿರುವ ಸ್ಥಾನ ಮತ್ತು ಅದರ ಬಗೆಯ ಮೇಲೆ ಗುರುತಿಸುತ್ತದೆ. ನಿಮ್ಮ ನೋಂದಣಿ ಫಾರ್ಮಿನಲ್ಲಿ ಮೊಬೈಲ್ ಸಂಖ್ಯೆ ಸರಿಯಿದ್ದರೆ ಬಾಕ್ಸ್‌ನೊಳಗೆ ಇನ್‌ಪುಟ್ ಮಾತ್ರ, ತಪ್ಪಿದ್ದರೆ ಬಾಕ್ಸ್‌ನೊಳಗೆ ಇನ್‌ಪುಟ್ ಮತ್ತು ದೋಷದ ಸಂದೇಶ ಎಂದು ಷರತ್ತಿನ ಎರಡು ಕವಲುಗಳಲ್ಲಿ ಬರೆದಿದ್ದಾರೆ ಎಂದುಕೊಳ್ಳಿ. ಎರಡೂ ಕವಲಿನಲ್ಲಿ ಹೊದಿಕೆ ಇರುವವರೆಗೆ ಇನ್‌ಪುಟ್ ಒಂದೇ ಸ್ಥಾನದಲ್ಲಿ ಇರುತ್ತದೆ. ನಿಮ್ಮ ನಿಯಮ ಮೊದಲ ಕವಲಿನ ಬಾಕ್ಸ್ ಮಾತ್ರ ತೆಗೆಯುತ್ತದೆ, ಏಕೆಂದರೆ ಎರಡನೆಯದರಲ್ಲಿ ಎರಡು ಚೈಲ್ಡ್ ಇವೆ. ಆಮೇಲೆ ದೋಷ ಕಾಣಿಸಿಕೊಂಡ ಕ್ಷಣದಲ್ಲಿ ರಿಯಾಕ್ಟ್ ಹಳೆಯ ಇನ್‌ಪುಟ್ ಕಿತ್ತು ಹೊಸದನ್ನು ಇಡುತ್ತದೆ. ಕೀಬೋರ್ಡಿನ ಫೋಕಸ್ ಹೋಗುತ್ತದೆ, ಆ ಇನ್‌ಪುಟ್ ತನ್ನ ಸ್ಟೇಟ್ ತಾನೇ ಇಟ್ಟುಕೊಂಡಿದ್ದರೆ ಬಳಕೆದಾರರು ಬರೆದಿದ್ದ ಸಂಖ್ಯೆಯೂ ಅಳಿಯುತ್ತದೆ. ಪರದೆಯ ಚಿತ್ರ ಎರಡೂ ಸಲ ಒಂದೇ ರೀತಿ ಕಾಣುವುದರಿಂದ ಸ್ಕ್ರೀನ್‌ಶಾಟ್ ಹೋಲಿಸುವ ಟೆಸ್ಟ್ ಕೂಡ ಇದನ್ನು ಹಿಡಿಯದೆ ಹೋಗಬಹುದು.

ಈ ಮೂರರಲ್ಲೂ ದೋಷದ ಬೇರು ಒಂದೇ. ಇಎಸ್‌ಲಿಂಟ್ ಒಂದು ಸಲಕ್ಕೆ ಒಂದು ಫೈಲಿನ ಸಿಂಟ್ಯಾಕ್ಸ್ ಮರವನ್ನು ಓದುತ್ತದೆ. ಬರೆದದ್ದು ಅದಕ್ಕೆ ತಿಳಿಯುತ್ತದೆ, ರೆಂಡರ್ ಆದದ್ದು ತಿಳಿಯುವುದಿಲ್ಲ, ಏಕೆ ಬರೆದರೆಂಬುದು ಸರ್ವಥಾ ತಿಳಿಯುವುದಿಲ್ಲ. 1978ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ ಸಿ ಭಾಷೆಗಾಗಿ ಮೊದಲ ಲಿಂಟ್ ಬರೆದಾಗಲೂ ಅದು ಸಂಶಯವನ್ನು ಹೇಳುವ ಸಾಧನವಾಗಿತ್ತು. ತೀರ್ಪು ಕೊಟ್ಟು ಜಾರಿ ಮಾಡುವ ಅಧಿಕಾರವನ್ನು ಅದಕ್ಕೆ ನಾವು ನಂತರ ಕೊಟ್ಟೆವು, ಹಲವು ನಿಯಮಗಳ ಮಟ್ಟಿಗೆ ಸರಿಯಾಗಿಯೇ ಕೊಟ್ಟೆವು. ಲೇಔಟ್ ಆ ಹಲವುಗಳಲ್ಲಿ ಸೇರಿಲ್ಲ.

ಹಾಗೆಂದು ನಿಯಮವನ್ನು ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ತನಗೆ ಖಚಿತವಾಗಿ ತಿಳಿದ ಕಡೆ ಮಾತ್ರ ಅದು ಬಾಯಿ ತೆರೆಯುವಂತೆ ಕಿರಿದು ಮಾಡಿ. ಈಗ ಅದು ಚೈಲ್ಡ್‌ಗಳನ್ನು ಎಣಿಸುತ್ತಿದೆ, ಅದರ ಬದಲು ಮೊದಲು ಹೊದಿಕೆಯ ಪ್ರಾಪ್‌ಗಳನ್ನು ನೋಡಬೇಕು. ಯಾವ ಯಾವ ಪ್ರಾಪ್ ಇದ್ದರೆ ಹೊದಿಕೆಯನ್ನು ಕ್ಷಮಿಸಬೇಕೆಂದು ಪಟ್ಟಿ ಮಾಡಲು ಹೊರಟರೆ ಆ ಪಟ್ಟಿ ಮುಗಿಯುವುದಿಲ್ಲ: ರೆಫ್, ಐಡಿ, ರೋಲ್, ಏರಿಯಾ ಮತ್ತು ಡೇಟಾ ಗುಣಗಳು, ಈವೆಂಟ್ ಹ್ಯಾಂಡ್ಲರ್‌ಗಳು, ಓವರ್‌ಫ್ಲೋ, ಪೊಸಿಷನ್, ಝಡ್ ಇಂಡೆಕ್ಸ್, ಟ್ರಾನ್ಸ್‌ಫಾರ್ಮ್, ಕಂಟೇನರ್ ಕ್ವೆರಿಗಾಗಿ ಇಟ್ಟ ಬಗೆ. ಈ ಕೊನೆಯದಂತೂ ಹೊದಿಕೆಯನ್ನು ಬಹುತೇಕ ಕಡ್ಡಾಯ ಮಾಡುತ್ತದೆ, ಏಕೆಂದರೆ ಒಂದು ಎಲಿಮೆಂಟ್ ತನ್ನದೇ ಅಗಲವನ್ನು ಕೇಳಿ ತನ್ನನ್ನು ತಾನೇ ಬದಲಿಸಿಕೊಳ್ಳಲಾರದು. ಹಾಗಾಗಿ ತಿರುವಿ ಬರೆಯಿರಿ. ಒಂದು ಚೈಲ್ಡ್ ಇದ್ದಾಗ ಕೆಲಸವಿಲ್ಲದಾಗುವ ಪ್ರಾಪ್‌ಗಳು ಗ್ಯಾಪ್‌ನಂತಹ ಒಂದೆರಡೇ ಇವೆ. ಹೊದಿಕೆಯ ಮೇಲೆ ಅವು ಮಾತ್ರ ಇದ್ದರೆ, ಅಥವಾ ಏನೂ ಇಲ್ಲದಿದ್ದರೆ, ನಿಯಮ ಮಾತನಾಡಲಿ. ಬೇರೆ ಯಾವುದೇ ಪ್ರಾಪ್ ಕಂಡರೂ, ಪ್ರಾಪ್‌ಗಳನ್ನು ಸ್ಪ್ರೆಡ್ ಮಾಡಿದ್ದರೂ (ಹೆಸರಿಸದೆ ಒಟ್ಟಾಗಿ ಕೊಟ್ಟಿದ್ದರೂ) ಸುಮ್ಮನಿರಲಿ. ಕೆಲವು ನಿಜವಾದ ಅನಗತ್ಯಗಳು ಇದರಿಂದ ತಪ್ಪಿಸಿಕೊಳ್ಳುತ್ತವೆ. ತಪ್ಪಿಸಿಕೊಳ್ಳಲಿ, ಸುಳ್ಳು ದೂರು ಹೇಳುವ ನಿಯಮವನ್ನು ತಂಡ ಎರಡೇ ವಾರದಲ್ಲಿ ಓದದೆ ದಾಟಿಸುವುದನ್ನು ಕಲಿಯುತ್ತದೆ, ಆಮೇಲೆ ಅದರ ನಿಜವಾದ ದೂರಿಗೂ ಬೆಲೆ ಇರುವುದಿಲ್ಲ.

ಚೈಲ್ಡ್ ಎಣಿಸುವಾಗಲೂ ಎರಡು ಮೂರು ಸೂಕ್ಷ್ಮಗಳಿವೆ. ಟ್ಯಾಗ್‌ಗಳ ನಡುವೆ ಸಾಲು ಬದಲಿಸಿದ ಖಾಲಿ ಜಾಗವೂ ಜೆಎಸ್‌ಎಕ್ಸ್ (ರಿಯಾಕ್ಟ್‌ನ ಟ್ಯಾಗ್ ಬರಹ) ಮರದಲ್ಲಿ ಪಠ್ಯದ ನೋಡ್ ಆಗಿ ಬರುತ್ತದೆ, ಅದನ್ನು ಬಿಡಬೇಕು. ಪುಷ್ಪಾವರಣದೊಳಗಿನ ಟಿಪ್ಪಣಿಯನ್ನೂ ಬಿಡಬೇಕು. ಪುಷ್ಪಾವರಣದೊಳಗೆ ಇನ್ನಾವುದೇ ಎಕ್ಸ್‌ಪ್ರೆಷನ್ ಇದ್ದರೆ ಅಲ್ಲಿ ಸೊನ್ನೆಯಿಂದ ಸಾವಿರದವರೆಗೆ ಎಷ್ಟು ಚೈಲ್ಡ್ ಬೇಕಾದರೂ ಬರಬಹುದು, ಆದ್ದರಿಂದ ನಿಯಮ ಸುಮ್ಮನಿರಬೇಕು. ಒಂಟಿ ಚೈಲ್ಡ್ ನಿಮ್ಮದೇ ಕಾಂಪೊನೆಂಟ್ ಆಗಿದ್ದರೆ, ಮೇಲಿನ ಮೆನುವಿನಂತೆ, ಅದರೊಳಗೆ ಏನಿದೆಯೆಂದು ನಿಯಮಕ್ಕೆ ತಿಳಿಯದು, ಅಲ್ಲೂ ಸುಮ್ಮನಿರುವುದೇ ಕ್ಷೇಮ. ಬಾಕ್ಸ್ ಎಂಬ ಹೆಸರನ್ನು ನೋಡಿ ಹಿಡಿಯದೆ, ಅದು ನಿಮ್ಮ ಡಿಸೈನ್ ಸಿಸ್ಟಮ್‌ನಿಂದಲೇ ಇಂಪೋರ್ಟ್ ಆಗಿದೆಯೇ ಎಂದು ಖಚಿತಪಡಿಸಿಕೊಳ್ಳಿ.

ಸ್ವಯಂ ತಿದ್ದುಪಡಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಗಡುಸಾಗಿದೆ. ಕೋಡಿನ ನಡವಳಿಕೆ ಬದಲಿಸುವ ತಿದ್ದುಪಡಿಯನ್ನು ತಾನೇ ತಾನಾಗಿ ಹಾಕಬಾರದೆಂದು ಇಎಸ್‌ಲಿಂಟ್‌ನ ಮಾರ್ಗಸೂಚಿಯೇ ಹೇಳುತ್ತದೆ. ಅಂತಹ ಸಂದರ್ಭಕ್ಕೆಂದೇ "ಸಜೆಷನ್" ಎಂಬ ಪ್ರತ್ಯೇಕ ವ್ಯವಸ್ಥೆಯಿದೆ. ಎಡಿಟರ್‌ನಲ್ಲಿ ಅದು ಪ್ರಸ್ತಾಪವಾಗಿ ಕಾಣಿಸುತ್ತದೆ, ಒಪ್ಪಿ ಒತ್ತುವುದು ಮನುಷ್ಯರು. ಏನೂ ಪ್ರಾಪ್ ಇಲ್ಲದ ಸ್ಟ್ಯಾಕ್ ತೆಗೆಯುವುದು ನಿರುಪದ್ರವಿ ಎನಿಸಬಹುದು, ಆದರೆ ಫ್ಲೆಕ್ಸ್ ಕಂಟೇನರ್ ತನ್ನೊಳಗಿನ ಇನ್‌ಲೈನ್ ಎಲಿಮೆಂಟನ್ನು ಬ್ಲಾಕ್ ಆಗಿಸುತ್ತದೆ, ಒಳಗಿನ ಮಾರ್ಜಿನ್ ಹೊರಗಿನದರೊಂದಿಗೆ ಬೆರೆಯದಂತೆ ತಡೆಯುತ್ತದೆ. ಅದನ್ನು ತೆಗೆದರೆ ಒಂದು ಬ್ಯಾಡ್ಜ್ ಪಕ್ಕದ ಪಠ್ಯದ ಸಾಲಿಗೆ ಹೋಗಿ ಅಂಟಿಕೊಳ್ಳಬಹುದು. ಆದ್ದರಿಂದ ಎಲಿಮೆಂಟ್ ತೆಗೆಯುವ ಪ್ರತಿಯೊಂದೂ ಸಜೆಷನ್ ಆಗಿರಲಿ. ಪೂರ್ತಿ ಸ್ವಯಂಚಾಲಿತ ತಿದ್ದುಪಡಿ ಎರಡಕ್ಕೆ ಸಲ್ಲುತ್ತದೆ. ಒಂದು, ಕೀ ಇಲ್ಲದ, ಒಂದೇ ಎಲಿಮೆಂಟನ್ನು ಸುತ್ತಿದ ಫ್ರಾಗ್ಮೆಂಟ್. ರಿಯಾಕ್ಟ್‌ನ ಜನಪ್ರಿಯ ಇಎಸ್‌ಲಿಂಟ್ ಪ್ಲಗಿನ್‌ನಲ್ಲಿ ಇದಕ್ಕೆ ನಿಯಮ ಸಿದ್ಧವಾಗಿಯೇ ಇದೆ, ಆದರೆ ಫ್ರಾಗ್ಮೆಂಟ್ ಡಾಮ್‌ನಲ್ಲಿ (ಬ್ರೌಸರ್ ಕಟ್ಟುವ ಎಲಿಮೆಂಟ್‌ಗಳ ಮರದಲ್ಲಿ) ಯಾವ ನೋಡ್ ಅನ್ನೂ ಇಡದ ಕಾರಣ ಇದರಿಂದ ಓದು ಹಗುರವಾಗುತ್ತದೆ, ಪುಟವಲ್ಲ. ಇನ್ನೊಂದು, ಪ್ರಾಪ್ ಇಲ್ಲದ ಬಾಕ್ಸ್‌ನ ಬದಲು ಸಾದಾ ಡಿವ್. ಇದಕ್ಕೂ ಮೊದಲು ನಿಮ್ಮ ಬಾಕ್ಸ್ ತಾನಾಗಿ ಯಾವ ಸ್ಟೈಲನ್ನೂ ಸೇರಿಸುವುದಿಲ್ಲ ಎಂಬುದನ್ನು ಅದರ ಮೂಲ ಕೋಡ್ ತೆರೆದು ನೋಡಿ. ಕೆಲವು ಸಿಸ್ಟಮ್‌ಗಳು ಬಾಕ್ಸ್ ಸೈಜಿಂಗ್ ಅನ್ನೋ ಕನಿಷ್ಠ ಅಗಲವನ್ನೋ ಅಲ್ಲೇ ಅಡಗಿಸಿ ಇಟ್ಟಿರುತ್ತವೆ.

ಜಾರಿಗೆ ತರುವ ಬಗೆ. ಎಚ್ಚರಿಕೆ ಎಂದು ಇಟ್ಟರೆ ನೂರಾರು ಹಳದಿ ಗೆರೆಗಳ ನಡುವೆ ಹೊಸದೊಂದು ಸೇರಿದ್ದು ಯಾರಿಗೂ ಕಾಣುವುದಿಲ್ಲ. ದೋಷ ಎಂದು ಇಟ್ಟರೆ ಕೆಲಸ ನಿಲ್ಲುತ್ತದೆ. ಬದಲಾದ ಫೈಲುಗಳಿಗೆ ಮಾತ್ರ ಅನ್ವಯಿಸಿದರೆ, ಒಂದು ಕಾಗುಣಿತ ತಿದ್ದಲು ಫೈಲ್ ತೆರೆದವರ ತಲೆಗೆ ಅದರ ಲೇಔಟ್ ಶುದ್ಧಿಯ ಹೊಣೆ ಬೀಳುತ್ತದೆ, ಅವಸರದಲ್ಲಿ ಮಾಡಿದ ಆ ಶುದ್ಧಿಯಿಂದಲೇ ನಿಮ್ಮ ಮೆನುವಿನಂತಹ ದೋಷಗಳು ಹುಟ್ಟುತ್ತವೆ. 2025ರ ಏಪ್ರಿಲ್‌ನಲ್ಲಿ ಬಂದ ಇಎಸ್‌ಲಿಂಟ್ 9.24ರಿಂದ ಈಗಿರುವ ಉಲ್ಲಂಘನೆಗಳನ್ನೆಲ್ಲ ಒಂದು ಕಡತದಲ್ಲಿ ದಾಖಲಿಸಿ ಬದಿಗಿಟ್ಟು, ಹೊಸದನ್ನು ಮಾತ್ರ ದೋಷವೆಂದು ತೋರಿಸುವ ಸೌಲಭ್ಯವಿದೆ. ನಿಮ್ಮ ಪರಿಸ್ಥಿತಿಗೆ ಅದೇ ಸೂಕ್ತ. ಜೊತೆಗೆ, ನಿಯಮವನ್ನು ಒಂದು ಸಾಲಿನಲ್ಲಿ ನಿಷ್ಕ್ರಿಯಗೊಳಿಸುವವರು ಎರಡು ಅಡ್ಡಗೆರೆ ಹಾಕಿ ಕಾರಣ ಬರೆಯುವುದನ್ನು ಕಡ್ಡಾಯ ಮಾಡಿ. "ಉದ್ದದ ಕನ್ನಡ ಹೆಸರು ಮೊಟಕಾಗಲು ಬೇಕು" ಎಂಬ ಒಂದು ಸಾಲು ಅಲ್ಲಿ ಇದ್ದಿದ್ದರೆ ನಿಮ್ಮ ಟೆಕ್ ಲೀಡ್ ಕೂಡ ಆ ಬಾಕ್ಸ್ ಮುಟ್ಟುತ್ತಿರಲಿಲ್ಲ. ಇಡೀ ಯೋಜನೆಯಲ್ಲಿ ನಾನು ಹೆಚ್ಚು ಬೆಲೆ ಕೊಡುವುದು ಈ ಕಾರಣದ ಸಾಲಿಗೆ.

ನಿಯಮವೇ ಬೇಡ, ಡಿಸೈನ್ ಸಿಸ್ಟಮ್ ಸರಿಪಡಿಸೋಣ ಎನ್ನುವವರೂ ನಿಮ್ಮ ತಂಡದಲ್ಲಿರಬಹುದು. ಅವರ ಮಾತಿನಲ್ಲಿ ಹುರುಳಿದೆ. ನಿಮ್ಮ ಟೆಕ್ಸ್ಟ್ ಕಾಂಪೊನೆಂಟ್ ಮೊಟಕುಗೊಳಿಸುವುದನ್ನು ತಾನೇ ಸರಿಯಾಗಿ ನಿಭಾಯಿಸಿದರೆ, ಮೆನು ತನ್ನ ಸ್ಥಾನದ ಹೊದಿಕೆಯನ್ನು ತನ್ನೊಳಗೇ ಇಟ್ಟುಕೊಂಡರೆ, ಸ್ಟ್ಯಾಕ್ ಅನ್ನು ಪಟ್ಟಿಯ ಟ್ಯಾಗ್ ಆಗಿ ರೆಂಡರ್ ಮಾಡುವ ಅವಕಾಶವಿದ್ದರೆ, ಬಳಸುವವರು ಹೊದಿಕೆ ಬರೆಯುವ ಪ್ರಮೇಯವೇ ಬಹುಪಾಲು ಇರುವುದಿಲ್ಲ. ಆದರೆ ಇದು ತಿಂಗಳುಗಳ ಕೆಲಸ. ಕಾಂಪೊನೆಂಟ್‌ನ ನಡವಳಿಕೆ ಬದಲಾದಾಗ ಅದನ್ನು ಬಳಸುವ ಎಲ್ಲ ಪರದೆಗಳೂ ಒಟ್ಟಿಗೆ ಅಲುಗಾಡುವ ಅಪಾಯವೂ ಇದೆ. ಎಲಿಮೆಂಟನ್ನು ಉಳಿಸಿಕೊಂಡೇ ಅದರ ಪೆಟ್ಟಿಗೆಯನ್ನು ಮಾಯ ಮಾಡುವ "ಡಿಸ್‌ಪ್ಲೇ ಕಂಟೆಂಟ್ಸ್" ಎಂಬ ಸಿಎಸ್‌ಎಸ್ ಉಪಾಯವನ್ನೂ ಯಾರಾದರೂ ಸೂಚಿಸಿಯಾರು. ಪಟ್ಟಿ, ಕೋಷ್ಟಕ, ಗುಂಡಿಗಳ ಮೇಲೆ ಅದನ್ನು ಹಾಕಿದಾಗ ಅವುಗಳ ಅರ್ಥವೇ ಸ್ಕ್ರೀನ್ ರೀಡರ್‌ಗೆ ತಲುಪದಂತಹ ದೋಷಗಳು ಬ್ರೌಸರ್‌ಗಳಲ್ಲಿ ಬಹಳ ಕಾಲ ಇದ್ದವು, ಹಾಗಾಗಿ ಅಲ್ಲಿ ಬೇಡ. ಸಾದಾ ಡಿವ್‌ಗಳು ಹೆಚ್ಚಿದ್ದರೆ ಸ್ಕ್ರೀನ್ ರೀಡರ್ ಅವನ್ನೆಲ್ಲ ಓದುತ್ತದೆ ಎಂಬ ಭಯವಿದ್ದರೆ ಬಿಡಿ, ಅದು ಅವನ್ನು ಉಚ್ಚರಿಸುವುದಿಲ್ಲ. ಪಟ್ಟಿಗೂ ಅದರ ಅಂಶಕ್ಕೂ ನಡುವೆ, ಕೋಷ್ಟಕದ ಸಾಲಿಗೂ ಕೋಶಕ್ಕೂ ನಡುವೆ ನುಸುಳಿದ ಡಿವ್ ಮಾತ್ರ ನಿಜವಾದ ಹಾನಿ, ಅದಕ್ಕೊಂದು ಪ್ರತ್ಯೇಕ ನಿಯಮ ಬರೆದರೆ ಅದನ್ನು ಧೈರ್ಯವಾಗಿ ದೋಷವೆಂದೇ ಇಡಬಹುದು.

ಇನ್ನು ಆ ಬ್ರಾಂಚ್. ಅದನ್ನು ಹಾಗೆಯೇ ಸೇರಿಸಬೇಡಿ, ಎಸೆಯಲೂ ಬೇಡಿ. ಮೇಲೆ ಹೇಳಿದ ಎರಡು ಬಗೆಯ ತಿದ್ದುಪಡಿಗಳನ್ನು ಮಾತ್ರ ಬೇರ್ಪಡಿಸಿ ಒಂದು ಪುಲ್ ರಿಕ್ವೆಸ್ಟ್ (ಕೋಡ್ ಸೇರಿಸುವ ಕೋರಿಕೆ) ಮಾಡಿ, ಅದನ್ನು ಹೆಚ್ಚು ಭಯವಿಲ್ಲದೆ ಸೇರಿಸಬಹುದು. ಎರಡನೆಯ ಪುಲ್ ರಿಕ್ವೆಸ್ಟ್‌ನಲ್ಲಿ ಧಾರಣೆ ಪಟ್ಟಿಯ ಕೋಶ ಒಂದನ್ನೇ ತೆಗೆದುಕೊಳ್ಳಿ. ಕ್ರೋಮ್‌ನ ಪರ್ಫಾರ್ಮೆನ್ಸ್ ಫಲಕದಲ್ಲಿ ಸಿಪಿಯು ನಿಧಾನಗೊಳಿಸಿ, ಬದಲಾವಣೆಗೆ ಮೊದಲಿನ ಮತ್ತು ನಂತರದ ಎರಡೂ ಅಳತೆಗಳನ್ನು ಅಗ್ಗದ ಫೋನಿನಲ್ಲಿಯೂ ನೋಡಿ, ಕರ್ನಾಟಕದ ಮಾರುಕಟ್ಟೆಗಳ ಪೂರ್ಣ ಕನ್ನಡ ಹೆಸರುಗಳನ್ನೇ ಟೆಸ್ಟ್ ಡೇಟಾ ಆಗಿ ಬಳಸಿ. ಷರತ್ತಿನ ಕವಲುಗಳಲ್ಲಿರುವ ಹೊದಿಕೆಗಳನ್ನು ತೆಗೆದ ಕಡೆಯೆಲ್ಲ ಬ್ರಾಂಚ್‌ನ ಬದಲಾವಣೆಯನ್ನು ಹಿಂದಕ್ಕೆ ತನ್ನಿ. ಉಳಿದ ನೂರಾರು ತಿದ್ದುಪಡಿಗಳು ದಾಖಲೆಯ ಕಡತದಲ್ಲಿ ಸಾಲಾಗಿ ಕೂತಿರಲಿ. ಆಯಾ ಪರದೆಯನ್ನು ಬೇರೆ ಕಾರಣಕ್ಕೆ ಹೊಸದಾಗಿ ಬರೆಯುವ ದಿನ ಅವನ್ನು ನೋಡಿದರೆ ಸಾಕು.